ಅಪ್ಪ ಇರುವಾಗಲೇ ಕಲಿಯಬೇಕಾದದ್ದು



ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಅಪ್ಪಂದಿರು ಮಕ್ಕಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದು ಕಡಿಮೆ, ಹೊಲಕ್ಕೆ ಕರೆದೊಯ್ದು ಕಲಿಸಿದ್ದೇ ಹೆಚ್ಚು. ಭದ್ರಾ ಅಣೆಕಟ್ಟೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ ಇದ್ದರೂ ಕಡೂರು, ಅಜ್ಜಂಪುರದ ಬಹುಪಾಲು ಬೇಸಾಯ ಇವತ್ತಿಗೂ ಮುಗಿಲನ್ನೇ ನಂಬಿದೆ. ಹಾಗಾಗಿ ಇಲ್ಲಿಯ ಮೊದಲ ಪಾಠ, ಒಂದೇ ಬೆಳೆಯನ್ನು ನೆಚ್ಚಬಾರದು ಎಂಬುದು. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಸಡ್ಡೆ ಹಿಡಿದು ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುತ್ತಾರೆ. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆಯಾದರೂ ಮನೆಗೆ ಬರುತ್ತದೆ. ಅಜ್ಜಂಪುರದ ಕಡೆ ಸಾಲ ತಂದು ಹೊಲವೆಲ್ಲ ಈರುಳ್ಳಿಯೊಂದನ್ನೇ ಹಾಕಿದವರಿಗೆ ಬೆಲೆ ಬಿದ್ದ ವರ್ಷ ಈ ಪಾಠ ತುಂಬಾ ದುಬಾರಿಯಾಗಿಯೇ ಸಿಕ್ಕಿದೆ.

ಎರಡನೆಯದು ತಾಳ್ಮೆ. ಅದನ್ನು ಕಲಿಸಿದ್ದು ದನ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673–1704) ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ದನದ ಹಿಂಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಸೈನ್ಯದ ಫಿರಂಗಿ ಎಳೆದ ಜಾತಿ ಇದು. ಚುರುಕು, ಸಿಡುಕು ಎರಡೂ ಹೆಚ್ಚು. ಇಂಥ ಹೋರಿಯನ್ನು ಪಳಗಿಸುವಾಗ ಒಂದು ಪಕ್ಕಕ್ಕೆ ವಯಸ್ಸಾದ, ಪಳಗಿದ ಎತ್ತನ್ನು ಕಟ್ಟುತ್ತಾರೆ. ಹೋರಿ ಹಾರುತ್ತದೆ, ಅಡ್ಡ ಮಲಗುತ್ತದೆ, ನೊಗ ಕೊಡವುತ್ತದೆ. ಮುದಿಯೆತ್ತು ಮಾತ್ರ ತನ್ನ ಪಾಡಿಗೆ ಸಾಲು ಹಿಡಿದು ನಡೆಯುತ್ತದೆ. ಬಾರುಕೋಲು ಕೈಯಲ್ಲಿದ್ದೂ ಹೊಡೆಯದೆ, ಹೋರಿ ದಣಿದರೆ ಕೊರಳು ಬಿಚ್ಚಿ ನೀರು ತೋರಿಸಿ ಮರುದಿನ ಮತ್ತೆ ಹೂಡುವ ಅಪ್ಪನನ್ನು ನೋಡಿದ ಮಕ್ಕಳಿಗೆ ಸಿಟ್ಟು ನುಂಗುವುದನ್ನು ಬೇರೆ ಹೇಳಿಕೊಡಬೇಕಿಲ್ಲ. ಟ್ರ್ಯಾಕ್ಟರ್ ಬಂದಮೇಲೆ ಈ ನೋಟ ಅಪರೂಪವಾಗಿದೆ; ಅದು ನಿಜವಾದ ನಷ್ಟ.

ತೆಂಗಿನ ಪಾಠ ಚಿಕ್ಕದು. ಎತ್ತರದ ತಳಿಯ ಸಸಿ ಫಲಕ್ಕೆ ಬರಲು 6–7 ವರ್ಷ ಬೇಕು, ಮರ ಬಾಳುವುದು 60 ವರ್ಷಕ್ಕೂ ಮೇಲೆ. ನಡುವಯಸ್ಸಿನಲ್ಲಿ ಗುಂಡಿ ತೋಡುವವನು ತನಗಾಗಿ ಮಾತ್ರ ತೋಡುವುದಿಲ್ಲ.

ಇಷ್ಟೆಲ್ಲ ಕಲಿಸಿದ ಅಪ್ಪಂದಿರು ಎಡವಿರುವುದು ಕಾಗದಪತ್ರದಲ್ಲಿ. ತಾತನ ಹೆಸರಿನಲ್ಲೇ ಉಳಿದ ಪಹಣಿ, ಆಗದ ಪೌತಿ ಖಾತೆ, ಬಾಯಿಮಾತಿನ ಪಾಲು: ಅಣ್ಣತಮ್ಮಂದಿರು ತಾಲ್ಲೂಕು ಕಚೇರಿಗೂ ಕೋರ್ಟಿಗೂ ಅಲೆಯುವುದು ಇದರಿಂದಲೇ. ಹೆಣ್ಣುಮಕ್ಕಳ ಮಾತಂತೂ ಎಷ್ಟೋ ಮನೆಗಳಲ್ಲಿ ಏಳುವುದೇ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2005ರಲ್ಲಿ ತಂದೆ ಬದುಕಿರಬೇಕಿತ್ತೆಂಬ ಷರತ್ತೂ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿತು. ತಂಗಿಯನ್ನು ಕರೆದು ರುಜು ಹಾಕಿಸಿಕೊಂಡು ಅರಿಶಿನ ಕುಂಕುಮ ಕೊಟ್ಟು ಕಳಿಸುವುದನ್ನು ಸಂಪ್ರದಾಯವೆಂದು ಕರೆಯಬಾರದು. ಗಂಡುಮಕ್ಕಳು ಅಪ್ಪನಿಂದ ಕಲಿಯಬಾರದ ಪಾಠವೊಂದಿದ್ದರೆ ಅದು ಇದೇ.

ಹೊಲದ ಕೆಲಸ ಕಲಿತ ಹಾಗೆ ಈ ಕೆಲಸವನ್ನೂ ಎಳೆಯರು ಅಪ್ಪನ ಜೊತೆಯಲ್ಲೇ ಕಲಿಯಬೇಕು: ಪಹಣಿ ತೆಗೆಸಿ ನೋಡುವುದು, ಸೊಸೈಟಿ ಸಾಲದ ಲೆಕ್ಕ ಕೇಳುವುದು, ಅಕ್ಕತಂಗಿಯರನ್ನೂ ಕೂರಿಸಿಕೊಂಡು ವಿಭಾಗ ಪತ್ರ ನೋಂದಾಯಿಸುವುದು, ಪೋಡಿಗೆ ಅರ್ಜಿ ಹಾಕುವುದು. ಸರ್ವೆಯವರು ಅಳೆಯಲು ಬಂದ ದಿನ, ಮಣ್ಣಿನಲ್ಲಿ ಹೂತ ಬಾಂದುಕಲ್ಲು ಯಾವ ಬದುವಿನ ಮೂಲೆಯಲ್ಲಿದೆ ಎಂದು ತೋರಿಸುವುದು ಅಪ್ಪನಿಗೆ ಮಾತ್ರ ಗೊತ್ತಿರುತ್ತದೆ.