ಫೈಲ್ ಬಂತು, ಅಕ್ಷರ ಬರಲಿಲ್ಲ: ಮರುಸ್ಥಾಪನೆಯನ್ನು ಬೋಧಿಸುವ ಬಗೆ

ತರಗತಿ: 9. ಅವಧಿ: 40 ನಿಮಿಷ. ಕಲಿಕಾಂಶ: ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಫೈಲ್ ಮತ್ತು ತಂತ್ರಾಂಶಗಳ ಮರುಸ್ಥಾಪನೆ.

ಬೋಧನಾಭ್ಯಾಸದ ಅವಧಿಯಲ್ಲಿ ಬ್ಯಾಕಪ್ ಕುರಿತ ಪಾಠಗಳು ಬೇಕಾದಷ್ಟು ನಡೆಯುತ್ತವೆ. ಪೆನ್‌ಡ್ರೈವ್ ಚುಚ್ಚಿ, ಫೋಲ್ಡರನ್ನು ನಕಲು ಮಾಡಿ ತೋರಿಸಿದಲ್ಲಿಗೆ ಪಾಠ ಮುಗಿಯುತ್ತದೆ. ಆ ನಕಲು ಮರಳಿ ಬರುವುದೋ ಇಲ್ಲವೋ ಎಂದು ನೋಡುವ ಪಾಠವನ್ನು ಆಯ್ದುಕೊಳ್ಳುವವರು ಅಪರೂಪ. 40 ನಿಮಿಷದಲ್ಲಿ ವಿಂಡೋಸ್ ಹಾಕಿ ತೋರಿಸಲಾಗದು ಎಂಬುದು ಪ್ರಶಿಕ್ಷಣಾರ್ಥಿಗಳು ಕೊಡುವ ಕಾರಣ. ಕಾರಣ ನಿಜವೇ. ಆದರೆ ಈ ಪಾಠಕ್ಕೆ ವಿಂಡೋಸ್ ಹಾಕಲೇಬೇಕೆಂದಿಲ್ಲ; ಅದನ್ನು ಮುಂದೆ ನೋಡೋಣ.

ನಾನು ವೀಕ್ಷಿಸಿದ ಒಂದು ಪಾಠದಲ್ಲಿ ಪ್ರಶಿಕ್ಷಣಾರ್ಥಿ ಪೆನ್‌ಡ್ರೈವಿನಿಂದ ಹಳೆಯ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಡಾಕ್ಯುಮೆಂಟ್ಸ್ ಫೋಲ್ಡರಿಗೆ ತಂದು ತೆರೆದರು. ಪರದೆಯ ತುಂಬ ಇಂಗ್ಲಿಷ್ ದೊಡ್ಡಕ್ಷರಗಳು, ನಡುನಡುವೆ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಯುರೋಪಿನ ಅಕ್ಷರಗಳು. "ಸರ್, ಫೈಲ್ ಕೆಟ್ಟೋಗಿದೆ, ಡಿಲೀಟ್ ಮಾಡ್ಲಾ?" ಎಂದು ಮುಂದಿನ ಸಾಲಿನ ಹುಡುಗ ಕೇಳಿದ. "ಬೇಡ, ಕ್ಲೋಸ್ ಮಾಡು" ಎಂದು ಹೇಳಿ ಅವರು ಯೋಜನೆಯ ಮುಂದಿನ ಅಂಶಕ್ಕೆ ಹೋದರು. ಫೈಲ್ ಉಳಿಯಿತು. ಆದರೆ ಅಂದಿನ ಪಾಠವೆಲ್ಲ ಆ ಹುಡುಗನ ಪ್ರಶ್ನೆಯಲ್ಲೇ ಇತ್ತು. ಶಾಲಾ ಕಚೇರಿಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿ, ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳು ಅಳಿಸಿಹೋಗುವುದು ಇಂಥ ಗಳಿಗೆಯಲ್ಲೇ. ಬ್ಯಾಕಪ್ ಸರಿಯಾಗಿದ್ದೂ ಕೈ ಬಿಟ್ಟುಹೋಗುತ್ತವೆ.

ಆದ್ದರಿಂದ ಈ ಪಾಠದ ಮುಖ್ಯ ಪರಿಕಲ್ಪನೆ ಒಂದೇ: ಫೈಲ್ ನಕಲಾಗಿ ಮರಳುತ್ತದೆ, ತಂತ್ರಾಂಶ ಮತ್ತೆ ಅಳವಡಿಕೆಯಾಗಿ ಮರಳುತ್ತದೆ. ಪೀಠಿಕೆಗೆ ಮನೆಗೆ ಸುಣ್ಣ ಬಳಿಯುವ ದಿನದ ಉದಾಹರಣೆ ಚೆನ್ನಾಗಿ ಹೊಂದುತ್ತದೆ. ಪಾತ್ರೆ, ಪೆಟ್ಟಿಗೆ, ಹಾಸಿಗೆಯನ್ನು ಅಂಗಳಕ್ಕೆ ತಂದಿಟ್ಟು, ಸಂಜೆ ಒಳಗಿಟ್ಟರೆ ಮುಗಿಯಿತು. ಗೋಡೆಯಿಂದ ಬಿಚ್ಚಿದ ಫ್ಯಾನನ್ನು ಒಳಗೆ ತಂದು ನೆಲದ ಮೇಲಿಟ್ಟರೆ ತಿರುಗುವುದಿಲ್ಲ. ಮತ್ತೆ ತೂಗುಹಾಕಿ ವೈರು ಜೋಡಿಸಬೇಕು. ತಂತ್ರಾಂಶವೂ ಹಾಗೆಯೇ. ಅದನ್ನು ಅಳವಡಿಸುವಾಗ ಅದರ ಭಾಗಗಳು ಬೇರೆ ಬೇರೆ ಫೋಲ್ಡರುಗಳಿಗೆ ಹೋಗುತ್ತವೆ, ವಿಂಡೋಸಿನ ರಿಜಿಸ್ಟ್ರಿಯಲ್ಲಿ ದಾಖಲಾಗುತ್ತವೆ. ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನಷ್ಟೇ ನಕಲು ಮಾಡಿದರೆ ಆ ಜೋಡಣೆ ಬರುವುದಿಲ್ಲ. ಕೆಲವು ಚಿಕ್ಕ ತಂತ್ರಾಂಶಗಳು ನಕಲು ಮಾಡಿದರೂ ಓಡುತ್ತವೆ. ಹಾಗಾಗಿ "ಎಂದಿಗೂ ಓಡದು" ಎಂದು ತರಗತಿಯಲ್ಲಿ ಹೇಳಬಾರದು. ಯಾರಾದರೂ ಚುರುಕು ಹುಡುಗಿ ಓಡಿಸಿ ತೋರಿಸಿಬಿಡುತ್ತಾಳೆ.

ಮಕ್ಕಳಲ್ಲಿ ಬೇರೂರಿರುವ ಇನ್ನೊಂದು ತಪ್ಪು ಕಲ್ಪನೆ ಡೆಸ್ಕ್‌ಟಾಪಿನ ಚಿತ್ರಕ್ಕೆ ಸಂಬಂಧಿಸಿದ್ದು. ಆ ಚಿತ್ರವೇ ತಂತ್ರಾಂಶ ಎಂದು ಅವರು ತಿಳಿದಿರುತ್ತಾರೆ. ಇದಕ್ಕೆ ವಿವರಣೆ ಬೇಡ. ಶಾರ್ಟ್‌ಕಟ್ ಒಂದನ್ನು ಪೆನ್‌ಡ್ರೈವಿಗೆ ನಕಲು ಮಾಡಿಸಿ, ಪ್ರಾಪರ್ಟೀಸ್ ತೆರೆಸಿ ಗಾತ್ರವನ್ನು ಓದಿಸಿ. ಕೆಲವೇ ಕಿಲೋಬೈಟ್ ಇರುತ್ತದೆ. ಆಮೇಲೆ ಆ ತಂತ್ರಾಂಶವೇ ಇಲ್ಲದ ಇನ್ನೊಂದು ಗಣಕದಲ್ಲಿ ಅದನ್ನು ಒತ್ತಿಸಿ. ಎರಡು ನಿಮಿಷದ ಕೆಲಸ.

ಇನ್ನು ವಿಂಡೋಸ್ ಹಾಕದೆ ಪ್ರಾತ್ಯಕ್ಷಿಕೆ ನಡೆಸುವ ಬಗೆ. ಗಣಕದಲ್ಲಿ ಮೊದಲೇ "ಹಳೆಯ" ಎಂಬ ಹೆಸರಿನ ಬಳಕೆದಾರ ಖಾತೆಯೊಂದನ್ನು ತೆರೆದು, ಅದರಲ್ಲಿ ಹತ್ತಾರು ಮಾದರಿ ಫೈಲುಗಳನ್ನಿಟ್ಟು, ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆದುಕೊಂಡಿರಬೇಕು. ತರಗತಿಯಲ್ಲಿ ಹೊಸ ಖಾತೆ ತೆರೆದು ಒಳಹೊಕ್ಕರೆ ಡೆಸ್ಕ್‌ಟಾಪ್ ಬರಿದು, ಡಾಕ್ಯುಮೆಂಟ್ಸ್ ಬರಿದು, ಬ್ರೌಸರಿನ ಬುಕ್‌ಮಾರ್ಕೂ ಇಲ್ಲ. ಹೊಸ ವಿಂಡೋಸಿನ ಅನುಭವ ಸಾಕಷ್ಟು ಸಿಗುತ್ತದೆ. ಇಲ್ಲಿಂದ ಹಳೆಯ ಖಾತೆಯ ಫೋಲ್ಡರ್ ತೆರೆಯಲು ಹೋದರೆ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ನಿಜವಾದ ಮರುಸ್ಥಾಪನೆಯಲ್ಲೂ, ಹಳೆಯ ಹಾರ್ಡ್‌ಡಿಸ್ಕಿನ ಫೋಲ್ಡರ್ ತೆರೆಯುವಾಗ ಇದೇ ಸಂದೇಶ ಕಾಣಬಹುದು. ಖಾತೆಯ ಹೆಸರು ಅದೇ ಇದ್ದರೂ ವಿಂಡೋಸ್ ಅದಕ್ಕೆ ಬೇರೆ ಗುರುತುಸಂಖ್ಯೆ ಕೊಟ್ಟಿರುತ್ತದೆ. ನಿರ್ವಾಹಕ ಖಾತೆಯಿಂದ ಕಂಟಿನ್ಯೂ ಒತ್ತಿ ಅನುಮತಿ ಪಡೆಯಬಹುದು. ಮುಖ್ಯೋಪಾಧ್ಯಾಯರ ಖಾತೆಯ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಹೊಸ ಖಾತೆಯಲ್ಲಿ ತಂತ್ರಾಂಶಗಳು ಮಾತ್ರ ಬಹುತೇಕ ಇದ್ದಲ್ಲೇ ಇರುತ್ತವೆ. ಆ ಅರ್ಧ ಪಾಠಕ್ಕೆ ಫಾಂಟನ್ನು ಬಳಸಿಕೊಳ್ಳಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರರೂಪಗಳನ್ನು ಕೂರಿಸಲಾಗಿದೆ. ಫೈಲಿನೊಳಗೆ ಉಳಿಯುವುದು ಆ ಸಂಕೇತಗಳು. ಕನ್ನಡವಾಗಿ ತೋರಿಸುವುದು ಫಾಂಟಿನ ಕೆಲಸ. ಫಾಂಟ್ ಇಲ್ಲದ ಗಣಕ ಸಂಕೇತವನ್ನು ತನಗೆ ತಿಳಿದಂತೆ ಓದುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡಕ್ಕೇ 128 ಸ್ಥಾನಗಳ ವಿಭಾಗವಿದೆ. ತುಂಗಾ ಫಾಂಟಿನಲ್ಲಿ ಬರೆದ ಯೂನಿಕೋಡ್ ಫೈಲು ತುಂಗಾ ಇಲ್ಲದ ಹೊಸ ವಿಂಡೋಸ್ 10ರಲ್ಲೂ ನಿರ್ಮಲಾ ಫಾಂಟಿನಲ್ಲಿ ಕನ್ನಡವಾಗಿಯೇ ತೆರೆಯುತ್ತದೆ. ಸಾಲು, ಪುಟ ಒಂದಿಷ್ಟು ಏರುಪೇರಾಗಬಹುದು, ಅಷ್ಟೇ.

ಪ್ರಾತ್ಯಕ್ಷಿಕೆ ಹೀಗಿರಲಿ. ಒಂದೇ ವಾಕ್ಯವನ್ನು ನುಡಿಯಲ್ಲೊಂದು, ಯೂನಿಕೋಡಿನಲ್ಲೊಂದು ಫೈಲಾಗಿ ಉಳಿಸಿ. ವರ್ಡ್ ಮುಚ್ಚಿ, ನುಡಿ ಫಾಂಟನ್ನು ತೆಗೆದುಹಾಕಿ ಎರಡನ್ನೂ ತೆರೆಯಿರಿ. ಒಂದು ಓದಲು ಬರುತ್ತದೆ, ಇನ್ನೊಂದು ಬರುವುದಿಲ್ಲ. ಈಗ "ಕೆಟ್ಟಿದೆಯೇ?" ಎಂದು ಕೇಳಿ, ಉತ್ತರ ಹೇಳದೆ, ಅರ್ಥವಾಗದ ಸಾಲಿನ ಮೇಲೆ ಕರ್ಸರ್ ಇಟ್ಟು ಫಾಂಟ್ ಪೆಟ್ಟಿಗೆಯಲ್ಲಿರುವ ಹೆಸರನ್ನು ಓದಿಸಿ. ಫಾಂಟ್ ಗಣಕದಲ್ಲಿ ಇಲ್ಲದಿದ್ದರೂ ನುಡಿಯ ಹೆಸರು ಅಲ್ಲಿ ಇರುತ್ತದೆ. ಲಿಬ್ರೆ ಆಫೀಸಿನಲ್ಲಾದರೆ ಅದು ಓರೆಯಕ್ಷರದಲ್ಲಿ ಕಾಣುತ್ತದೆ. ಫೈಲು ತನಗೇನು ಬೇಕೆಂದು ತಾನೇ ಹೇಳುತ್ತಿದೆ. ಫಾಂಟನ್ನು ಮತ್ತೆ ಅಳವಡಿಸಿ ತೆರೆದಾಗ ಕನ್ನಡ ಮೂಡುವುದನ್ನು ಕಂಡ ಮಗು ಇನ್ನೊಮ್ಮೆ ಅವಸರದಲ್ಲಿ ಡಿಲೀಟ್ ಒತ್ತಲಾರದು.

ಇಲ್ಲೊಂದು ಎಚ್ಚರಿಕೆ. ಗಾಬರಿಯಲ್ಲಿ ಇಡೀ ಪುಟವನ್ನು ಆಯ್ದು ತುಂಗಾ ಫಾಂಟ್ ಕೊಟ್ಟು ಉಳಿಸುವವರಿದ್ದಾರೆ. ಅಕ್ಷರ ಸರಿಹೋಗುವುದಿಲ್ಲ, ಮೇಲಾಗಿ ನುಡಿ ಎಂಬ ಸುಳಿವೂ ಅಳಿಸಿಹೋಗುತ್ತದೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿರುವ ಪತ್ರವಾದರೆ, ಮತ್ತೆ ಎಲ್ಲಕ್ಕೂ ನುಡಿ ಕೊಟ್ಟಾಗ ಇಂಗ್ಲಿಷ್ ಕೆಡುತ್ತದೆ. ಒಂದೊಂದೇ ಪದ ತಿದ್ದುತ್ತ ಕೂರಬೇಕು. ಓದಲು ಬಾರದ ಫೈಲನ್ನು ಉಳಿಸದೆ ಮುಚ್ಚುವುದನ್ನು ಅಭ್ಯಾಸ ಮಾಡಿಸಿ.

ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಂಡೋಸ್, ಡ್ರೈವರ್ ಮತ್ತು ಅಪ್‌ಡೇಟ್, ಆಂಟಿವೈರಸ್ ಆದ ಮೇಲೆ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಬೇಕು. ನಂತರ ತಂತ್ರಾಂಶ ಮತ್ತು ಫಾಂಟು, ಕಡೆಗೆ ಫೈಲುಗಳು. ಫೈಲುಗಳನ್ನು ಕಾಪಿ ಮಾಡಬೇಕು, ಕಟ್ ಮಾಡಬಾರದು. ಕಟ್ ಮಾಡಿದ ಮರುಕ್ಷಣ ಕೈಯಲ್ಲಿ ಬ್ಯಾಕಪ್ ಇರುವುದಿಲ್ಲ, ಕರೆಂಟಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ನಕಲು ಮುಗಿದ ಮೇಲೆ ಎರಡೂ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆಯನ್ನೂ ಗಾತ್ರವನ್ನೂ ಹೋಲಿಸಲಿ. ಡಿಸ್ಕ್ ಮೇಲಿನ ಗಾತ್ರ ಎಂಬ ಇನ್ನೊಂದು ಸಂಖ್ಯೆಯೂ ಅಲ್ಲಿರುತ್ತದೆ. ಅದು ಬೇರೆಯಾಗಬಹುದು, ಚಿಂತೆ ಬೇಡ.

ತಂತ್ರಾಂಶಗಳ ಪಟ್ಟಿ ಮೊದಲೇ ಬರೆದಿಡದಿದ್ದರೆ ಏನೇನು ಇತ್ತೆಂದು ನೆನಪಾಗುವುದು ಅದು ಬೇಕಾದ ದಿನವೇ. ಪಾಠದ ಮುಂದುವರಿದ ಚಟುವಟಿಕೆಯಾಗಿ ಪ್ರಯೋಗಾಲಯದ ದಾಸ್ತಾನು ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿ ತಂತ್ರಾಂಶದ ಹೆಸರು, ಆವೃತ್ತಿ, ಸೆಟಪ್ ಫೈಲ್ ಇರುವ ಜಾಗ, ಪರವಾನಗಿ ಸಂಖ್ಯೆ, ಪ್ರಿಂಟರಿನ ಮಾದರಿ ಇವನ್ನು ಮಕ್ಕಳಿಂದಲೇ ಬರೆಸಬಹುದು. ಗಣಕದಲ್ಲಿ ಬರೆದಿಟ್ಟರೆ ಆ ಪಟ್ಟಿಯೂ ಗಣಕದೊಡನೆ ಹೋಗುತ್ತದೆ.

ಮೌಲ್ಯಮಾಪನಕ್ಕೆ "ಮರುಸ್ಥಾಪನೆ ಎಂದರೇನು?" ಎಂಬ ಪ್ರಶ್ನೆ ಬೇಡ. ನಾಲ್ಕು ಫೈಲುಗಳಿರುವ ಒಂದು ಫೋಲ್ಡರ್ ಕೊಡಿ: ಒಂದು ಸರಿಯಾಗಿ ತೆರೆಯುವಂಥದ್ದು, ಒಂದು ಫಾಂಟ್ ಇಲ್ಲದ್ದು, ಒಂದು ಬರೀ ಶಾರ್ಟ್‌ಕಟ್, ಇನ್ನೊಂದು ಅದನ್ನು ತೆರೆಯುವ ತಂತ್ರಾಂಶವೇ ಆ ಗಣಕದಲ್ಲಿ ಇಲ್ಲದ್ದು. ಪ್ರತಿಯೊಂದಕ್ಕೂ ಏನು ಕೊರತೆ, ಎಲ್ಲಿಂದ ತರಬೇಕು ಎಂದು ಒಂದೊಂದು ಸಾಲು ಬರೆಯಲಿ. ಶಾರ್ಟ್‌ಕಟ್ಟಿನ ಬಗ್ಗೆ "ಇದರಲ್ಲಿ ಮರಳಿ ತರಲು ಏನೂ ಇಲ್ಲ, ಸೆಟಪ್ ಬೇಕು" ಎಂದು ಬರೆದವರಿಗೆ ಪೂರ್ಣ ಅಂಕ.