ಗದ್ದೆಗೆ ತಕ್ಕ ಯಂತ್ರ

ಬೆಳ್ತಂಗಡಿ ಸೀಮೆಯ ಗದ್ದೆಗಳನ್ನು ಹಿರಿಯರು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತಗ್ಗಿನ ಬೈಲಿನಲ್ಲಿ ನೀರು ನಿಲ್ಲುತ್ತದೆ. ಎತ್ತರದ ಬೆಟ್ಟುಗದ್ದೆಯು ಮಳೆಯನ್ನೇ ನಂಬಿದೆ. ಇಂತಹ ಕಿರಿದಾದ ಗದ್ದೆಗಳಲ್ಲಿ ದೊಡ್ಡ ಟ್ರ್ಯಾಕ್ಟರು ಸರಾಗವಾಗಿ ತಿರುಗಲಾರದು. ಆದುದರಿಂದ ಸಣ್ಣ ಟ್ರ್ಯಾಕ್ಟರಿಗೆ ಜೋಡಿಸುವ ರೋಟವೇಟರು ಇಲ್ಲಿ ಉಪಯುಕ್ತವಾಗಿದೆ.

1912ರಲ್ಲಿ ಆಸ್ಟ್ರೇಲಿಯದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬ ಯುವಕನು ತನ್ನ ತಂದೆಯ ಹೊಲದಲ್ಲಿ ಇಂತಹ ಯಂತ್ರದ ಪ್ರಯೋಗವನ್ನು ಆರಂಭಿಸಿದನು. ತಿರುಗುವ ದಂಡಕ್ಕೆ ಬಿಗಿದ ಬಾಗಿದ ಅಲಗುಗಳು ಮಣ್ಣನ್ನು ಕತ್ತರಿಸಿ ಪುಡಿಮಾಡುತ್ತವೆ.

ಇದನ್ನು ಆರಿಸುವಾಗ ಎರಡು ಅಂಶಗಳನ್ನು ಗಮನಿಸಬೇಕು. ಅಲಗುಗಳನ್ನು ತಿರುಗಿಸಲು ಟ್ರ್ಯಾಕ್ಟರಿನ ಶಕ್ತಿ ಸಾಲಬೇಕು. ಯಂತ್ರದ ಅಗಲವು ಹಿಂಚಕ್ರಗಳ ಜಾಡನ್ನು ಮುಚ್ಚುವಷ್ಟಿರಬೇಕು. ಇಲ್ಲವಾದರೆ ಚಕ್ರವು ತುಳಿದ ನೆಲ ಗಟ್ಟಿಯಾಗಿಯೇ ಉಳಿಯುತ್ತದೆ.

ಬೆಟ್ಟಿನ ಮಣ್ಣನ್ನು ಅತಿಯಾಗಿ ನುಣ್ಣಗೆ ಮಾಡಿದರೆ ಆಟಿ ತಿಂಗಳ ಮಳೆಯು ಅದನ್ನು ಕೊಚ್ಚಿ ನೇತ್ರಾವತಿಗೆ ಸೇರಿಸುತ್ತದೆ. ಅಡಕೆಯ ಬೇರುಗಳು ಮೇಲ್ಪದರದಲ್ಲಿಯೇ ಹರಡಿರುವುದರಿಂದ ಮರದ ಬುಡದಲ್ಲಿ ಇದನ್ನು ಓಡಿಸಬಾರದು. ಅಲಗುಗಳಿಗೆ ಬಳ್ಳಿ ಸುತ್ತಿಕೊಂಡರೆ ಎಂಜಿನನ್ನು ನಿಲ್ಲಿಸಿ, ಅಲಗುಗಳು ನಿಶ್ಚಲವಾದ ಮೇಲೆಯೇ ಬಿಡಿಸಬೇಕು. ಒಂದು ಕ್ಷಣದ ಆತುರಕ್ಕೆ ಕೈಯನ್ನೇ ತೆರಬೇಕಾದೀತು. ನೇಗಿಲು ಕಲ್ಲಿಗೆ ಸಿಕ್ಕಿದರೆ ಎತ್ತು ತಾನಾಗಿ ನಿಲ್ಲುತ್ತದೆ. ಯಂತ್ರಕ್ಕೆ ಆ ವಿವೇಕವಿಲ್ಲ. ಅದು ಉಳುವವನಲ್ಲಿಯೇ ಇರಬೇಕು.