ಒಂದೇ ಗೋಳದಿಂದ ಮೂಡಿದ ರಂಗಮಂದಿರ

ಆಸ್ಟ್ರೇಲಿಯದ ಸಿಡ್ನಿ ಬಂದರಿನಲ್ಲಿ, ನೀರಿನೊಳಕ್ಕೆ ಚಾಚಿಕೊಂಡಿರುವ ಬೆನೆಲಾಂಗ್ ಭೂಶಿರದ ಮೇಲೆ, ಗಾಳಿ ತುಂಬಿದ ಹಾಯಿಗಳಂತೆ ತೋರುವ ಬಿಳಿಯ ಛಾವಣಿಗಳ ಒಂದು ಕಟ್ಟಡವಿದೆ. ಇದೇ ಸಿಡ್ನಿಯ ಆಪೆರಾ ಹೌಸ್. ಇದರ ಚಿತ್ರವನ್ನು ನೋಡದ ವಿದ್ಯಾರ್ಥಿಗಳು ವಿರಳ. ಆದರೆ ಈ ಛಾವಣಿಯು ಕಾಗದದ ಮೇಲಿನ ಚಿತ್ರವಾಗಿಯೇ ಉಳಿದುಬಿಡುವ ಸಂಭವವಿದ್ದಿತೆಂಬುದನ್ನೂ, ಪ್ರೌಢಶಾಲೆಯ ಪಾಠದಲ್ಲಿ ಬರುವ ಸಾಮಾನ್ಯ ಗೋಳವೇ ಅದನ್ನು ಕಾಪಾಡಿತೆಂಬುದನ್ನೂ ಅರಿತವರು ಕಡಮೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಚಿಪ್ಪಿನ ಸಮಸ್ಯೆ

ಈ ಕಟ್ಟಡಕ್ಕಾಗಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಗೆ 233 ನಕ್ಷೆಗಳು ಬಂದವು. 1957ರ ಜನವರಿಯಲ್ಲಿ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸಾನ್ ಅವರ ನಕ್ಷೆಗೆ ಬಹುಮಾನ ದೊರೆಯಿತು. ಆಗ ಅವರ ವಯಸ್ಸು 38. ಅವರು ಛಾವಣಿಗಳನ್ನು ಕೈಯಿಂದ ಸ್ವಚ್ಛಂದವಾಗಿ ಎಳೆದಿದ್ದರು. ಆ ವಕ್ರರೇಖೆಗಳಿಗೆ ಗಣಿತದ ಸಮೀಕರಣವಿರಲಿಲ್ಲ. ಸಮೀಕರಣವಿಲ್ಲದ ಆಕೃತಿಯಲ್ಲಿ ಬಲಗಳನ್ನು ಲೆಕ್ಕಹಾಕುವುದು ಕಷ್ಟ. ಓವ್ ಆರಪ್ ಅವರ ಎಂಜಿನಿಯರುಗಳು ಮೊದಲು ಪರವಲಯವನ್ನೂ ಅನಂತರ ದೀರ್ಘವೃತ್ತವನ್ನೂ ಆಧಾರವಾಗಿಟ್ಟುಕೊಂಡು ಹಲವು ಆಕೃತಿಗಳನ್ನು ಪರೀಕ್ಷಿಸಿದರು.

ಇಲ್ಲಿ ಒಂದು ತೊಡಕಿದೆ. ದೀರ್ಘವೃತ್ತದ ವಕ್ರತೆ ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ತುದಿಯಲ್ಲಿ ಹೆಚ್ಚು, ಪಕ್ಕದಲ್ಲಿ ಕಡಮೆ. ಆದ್ದರಿಂದ ಅಂತಹ ಛಾವಣಿಯ ಪ್ರತಿಯೊಂದು ತುಂಡಿಗೂ ಬೇರೆ ಬೇರೆ ಅಚ್ಚು ಬೇಕಾಗುತ್ತದೆ. ಸಾವಿರಾರು ತುಂಡುಗಳಿಗೆ ಸಾವಿರಾರು ಅಚ್ಚುಗಳನ್ನು ಮಾಡುವವರಾರು? ಇತ್ತ ಛಾವಣಿಯ ರೂಪ ನಿಶ್ಚಯವಾಗುವ ಮೊದಲೇ, 1959ರ ಮಾರ್ಚಿಯಲ್ಲಿ, ತಳಭಾಗದ ಕೆಲಸ ಪ್ರಾರಂಭವಾಗಿಬಿಟ್ಟಿತ್ತು. ಈ ಅವಸರದ ಫಲವಾಗಿ, ಛಾವಣಿಯ ಭಾರವನ್ನು ಹೊರಲಾರದ ಕಂಬಗಳನ್ನು ಒಡೆದು ಮತ್ತೆ ಕಟ್ಟಬೇಕಾಯಿತು.

ಗೋಳವೆಂಬ ಪರಿಹಾರ

1961ರಲ್ಲಿ ಪರಿಹಾರ ದೊರಕಿತು. ಎಲ್ಲ ಚಿಪ್ಪುಗಳನ್ನೂ ಸುಮಾರು 75 ಮೀಟರ್ ತ್ರಿಜ್ಯವುಳ್ಳ ಒಂದೇ ಗೋಳದ ಮೇಲ್ಮೈಯಿಂದ ಕತ್ತರಿಸಿ ತೆಗೆದಂತೆ ರಚಿಸುವುದೆಂದು ತೀರ್ಮಾನವಾಯಿತು. ವಾಚಕರು ಒಂದು ಕಿತ್ತಳೆಹಣ್ಣನ್ನು ತೆಗೆದುಕೊಂಡು ಅದರ ಸಿಪ್ಪೆಯಿಂದ ದೊಡ್ಡದು ಚಿಕ್ಕದು ಎಂದು ಹಲವು ತ್ರಿಕೋನಗಳನ್ನು ಕತ್ತರಿಸಿ ನೋಡಲಿ. ಗಾತ್ರ ಬೇರೆಯಾದರೂ ಬಾಗು ಒಂದೇ. ಗೋಳದ ವಕ್ರತೆ ಎಲ್ಲ ಬಿಂದುಗಳಲ್ಲಿಯೂ, ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿರುವುದೇ ಇದಕ್ಕೆ ಕಾರಣ.

ಇದರಿಂದ ಆದ ಲಾಭವೇನು? ಭೂಗೋಳದ ರೇಖಾಂಶಗಳು ಧ್ರುವದಿಂದ ಹರಡುವಂತೆ, ಛಾವಣಿಯ ಪಕ್ಕೆಲುಬುಗಳು ಬುಡದಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿವೆ. ಎಲ್ಲ ಪಕ್ಕೆಲುಬುಗಳ ಬಾಗೂ ಒಂದೇ ಆದುದರಿಂದ ಕೆಲವೇ ಅಚ್ಚುಗಳನ್ನು ಮತ್ತೆ ಮತ್ತೆ ಬಳಸಿ, 2,194 ಕಾಂಕ್ರೀಟು ತುಂಡುಗಳನ್ನು ಎರಕಹೊಯ್ಯಲು ಸಾಧ್ಯವಾಯಿತು. ದೊಡ್ಡ ಚಿಪ್ಪಿಗೆ ಹೆಚ್ಚು ತುಂಡುಗಳು, ಚಿಕ್ಕದಕ್ಕೆ ಕಡಮೆ, ಅಷ್ಟೇ ವ್ಯತ್ಯಾಸ.

ಆ ತುಂಡುಗಳನ್ನು ರಾಳದ ಅಂಟಿನಿಂದ ಕೂಡಿಸಿ, ಅವುಗಳೊಳಗೆ ಉಕ್ಕಿನ ಹುರಿಗಳನ್ನು ಹಾಯಿಸಿ ಬಲವಾಗಿ ಎಳೆದು ಬಿಗಿದರು. ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳಲಾರದು. ಮೇಜಿನ ಮೇಲಿನ ಹತ್ತು ಪುಸ್ತಕಗಳ ಸಾಲನ್ನು ಎರಡು ಕೈಗಳಿಂದ ಪಕ್ಕಗಳಲ್ಲಿ ಒತ್ತಿ ಎತ್ತಿದರೆ, ಅವು ಬೀಳದೆ ಒಂದು ತೊಲೆಯಂತೆ ನಿಲ್ಲುತ್ತವೆ. ಬಿಗಿದ ಹುರಿಗಳು ಮಾಡುವುದೂ ಇದನ್ನೇ. ಈ ಪಕ್ಕೆಲುಬುಗಳ ಮೇಲೆ, ಸ್ವೀಡನ್ನಿನಲ್ಲಿ ತಯಾರಾದ ಹತ್ತು ಲಕ್ಷಕ್ಕೂ ಮಿಕ್ಕಿದ ಬಿಲ್ಲೆಗಳನ್ನು ಹೊತ್ತ ಫಲಕಗಳನ್ನು ಕೂರಿಸಲಾಯಿತು.

ಕಿವಿಯ ಲೆಕ್ಕ

ವೆಚ್ಚ ಮತ್ತು ವಿನ್ಯಾಸಗಳ ವಿಷಯದಲ್ಲಿ ಸರ್ಕಾರದೊಡನೆ ಭಿನ್ನಾಭಿಪ್ರಾಯ ಬೆಳೆದು, ಉಟ್ಸಾನ್ ಅವರು 1966ರ ಫೆಬ್ರವರಿಯಲ್ಲಿ ಕೆಲಸವನ್ನು ಬಿಟ್ಟು ಹೊರಟುಹೋದರು. ಒಳಾಂಗಣವನ್ನು ಪೀಟರ್ ಹಾಲ್ ಮೊದಲಾದವರು ಪೂರೈಸಿದರು. 1973ರ ಅಕ್ಟೋಬರ್ 20ರಂದು ರಾಣಿ ಎರಡನೆಯ ಎಲಿಜಬೆತ್ ಕಟ್ಟಡವನ್ನು ಉದ್ಘಾಟಿಸಿದರು. ಮೊದಲು 70 ಲಕ್ಷ ಡಾಲರು ಎಂದು ಅಂದಾಜಾಗಿದ್ದ ವೆಚ್ಚ 10 ಕೋಟಿ 20 ಲಕ್ಷಕ್ಕೆ ಏರಿತ್ತು.

ಸಂಗೀತದ ದೊಡ್ಡ ಸಭಾಂಗಣದಲ್ಲಿ ಛಾವಣಿ ವೇದಿಕೆಯಿಂದ ಸುಮಾರು 25 ಮೀಟರ್ ಎತ್ತರದಲ್ಲಿದೆ. ಧ್ವನಿಯ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಳ್ಳೋಣ. ಮೇಲೇರಿ ಹಿಂದಿರುಗುವ 50 ಮೀಟರ್ ದಾರಿಗೆ ಸುಮಾರು 0.15 ಸೆಕೆಂಡು ಬೇಕು. ಸುಮಾರು 0.05 ಸೆಕೆಂಡಿನೊಳಗೆ ಬಂದ ಪ್ರತಿಫಲನವನ್ನು ನಮ್ಮ ಕಿವಿ ಮೂಲಧ್ವನಿಯೊಡನೆ ಬೆರೆಸಿಕೊಳ್ಳುತ್ತದೆ; ಅದಕ್ಕಿಂತ ಬಹಳ ತಡವಾಗಿ ಬಂದುದು ಅಷ್ಟು ನೆರವಾಗುವುದಿಲ್ಲ. ಹೀಗಾಗಿ ವಾದಕರಿಗೆ ಒಬ್ಬರ ವಾದನ ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ವೇದಿಕೆಯ ಮೇಲೆ ತೂಗಹಾಕಿದ್ದ ಅಕ್ರಿಲಿಕ್ ಬಳೆಗಳು ಈ ಕೊರತೆಯನ್ನು ಪೂರ್ತಿ ನೀಗಿಸಲಿಲ್ಲ. 2020ರಿಂದ 2022ರವರೆಗೆ ನಡೆದ ನವೀಕರಣದಲ್ಲಿ ಅವುಗಳನ್ನು ತೆಗೆದು, ಹೂವಿನ ಎಸಳುಗಳನ್ನು ಹೋಲುವ ಪ್ರತಿಫಲಕಗಳನ್ನು ಅಳವಡಿಸಿದರು.

ಉಪ್ಪುಗಾಳಿಯೊಡನೆ ಹೋರಾಟ

2007ರಲ್ಲಿ ಯುನೆಸ್ಕೊ ಈ ಕಟ್ಟಡವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ಬಾಳುವುದಿಲ್ಲ. ಕಾಂಕ್ರೀಟಿನ ಕ್ಷಾರಗುಣದಿಂದಾಗಿ ಒಳಗಿನ ಉಕ್ಕಿನ ಮೇಲೆ ತೆಳುವಾದ ರಕ್ಷಕ ಪೊರೆಯೊಂದು ಇರುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡು ಒಳಕ್ಕೆ ಇಳಿದಾಗ ಆ ಪೊರೆ ಹರಿದು ಉಕ್ಕು ತುಕ್ಕುಹಿಡಿಯುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿಯುತ್ತದೆ.

ಬಿಲ್ಲೆಗಳ ಪರೀಕ್ಷೆಯಂತೂ ನಮಗೆ ಚಿರಪರಿಚಿತವಾದುದು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ಅದರ ಸದ್ದನ್ನು ಆಲಿಸುವುದಿಲ್ಲವೆ? ಸಿಡ್ನಿಯಲ್ಲಿಯೂ ಪರೀಕ್ಷಕರು ಹಗ್ಗದಲ್ಲಿ ಇಳಿದು, ಬಿಲ್ಲೆಗಳನ್ನು ಬಡಿದು ನೋಡುತ್ತಾರೆ. ಗಟ್ಟಿಯಾಗಿ ಅಂಟಿದ ಬಿಲ್ಲೆಯ ಸದ್ದು ಒಂದು ಬಗೆ, ಹಿಂದೆ ಟೊಳ್ಳಾದುದರ ಸದ್ದು ಇನ್ನೊಂದು ಬಗೆ.

ಉಟ್ಸಾನ್ ಅವರು ಮುಂದೆ ಸಿಡ್ನಿಯವರೊಡನೆ ರಾಜಿಯಾಗಿ, ಕಟ್ಟಡದ ಭವಿಷ್ಯಕ್ಕೆ ಮಾರ್ಗದರ್ಶಕ ಸೂತ್ರಗಳನ್ನು ಬರೆದುಕೊಟ್ಟರು. ಆದರೆ 2008ರಲ್ಲಿ ತೀರಿಕೊಳ್ಳುವವರೆಗೂ, ಪೂರ್ಣಗೊಂಡ ತಮ್ಮ ಕೃತಿಯನ್ನು ಅವರು ಕಣ್ಣಾರೆ ನೋಡಲಿಲ್ಲ. ಸುಂದರವಾದ ಕಲ್ಪನೆಯೊಂದು ನಿಂತು ಬಾಳಬೇಕಾದರೆ ಲೆಕ್ಕ ಬೇಕು, ತಾಳ್ಮೆ ಬೇಕು. ಕಟ್ಟಿ ಮುಗಿದ ಮೇಲೂ ಬಡಿದು ಆಲಿಸುವ ಕಿವಿ ಬೇಕು. ಗೋಳದ ಪಾಠವನ್ನು ಮುಂದೆ ಓದುವಾಗ ವಿದ್ಯಾರ್ಥಿಗಳು ಈ ಬಿಳಿಯ ಛಾವಣಿಯನ್ನು ನೆನೆಯಲಿ.